ಹಿತ್ತಿಲ ಬಾಗಿಲಿನ ಗಾಡಿ

ಆ ಗಾಡಿಗೆ ಹುಟ್ಟಿದ ದೇಶವಿತ್ತು, ಇಟ್ಟುಕೊಂಡ ಮನೆಯಿತ್ತು. ನಡುವೆ ದಾಟಿ ಬಂದ ಬಾಗಿಲು ಮಾತ್ರ ಹಿತ್ತಿಲಿನದು. ಕಂಪನಿ ತನ್ನೂರಿನ ಜನಕ್ಕೆಂದೇ ಮಾಡಿದ ಮೋಟರ್‌ಸೈಕಲ್ಲು. ಅಲ್ಲಿ ಯಾರೋ ಕೆಲವು ವರ್ಷ ಓಡಿಸಿ ಬೇಸತ್ತು ಬಿಟ್ಟದ್ದನ್ನು, ಕಂಪನಿಯ ಅಪ್ಪಣೆ ಕೇಳದೆ ಕಂಟೇನರಿನಲ್ಲಿ ತುಂಬಿ, ಸಮುದ್ರ ದಾಟಿಸಿ, ಬಂದರಿನ ಬದಿಯ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಮಾರಿದ್ದರು. ಕದ್ದ ಮಾಲಲ್ಲ. ಸುಂಕ ಕಟ್ಟಿತ್ತು, ತೆರಿಗೆ ಕಟ್ಟಿತ್ತು, ನಂಬರ್ ಪ್ಲೇಟಿತ್ತು. ಆದರೂ ಅದೇ ಕಂಪನಿಯ ಗಾಜಿನ ಷೋರೂಮಿನ ಮುಂದೆ ಅದನ್ನು ತಂದು ನಿಲ್ಲಿಸಿದರೆ, ಕರೆಯದೆ ಊಟಕ್ಕೆ ಬಂದವನನ್ನು ನೋಡುವಂತೆ ನೋಡುತ್ತಿದ್ದರು.

ಅದರ ಒಡೆಯ ಲಿಫ್ಟ್ ರಿಪೇರಿ ಮಾಡುವವನು. ಕೆಲಸದ ಕಡೆ ಅವನನ್ನು ಎಲ್ಲರೂ ಏಳೂವರೆ ಎನ್ನುತ್ತಿದ್ದರು. ಹತ್ತು ಬೆರಳಿನಲ್ಲಿ ಎರಡೂವರೆ ಕಳೆದರೆ ಉಳಿಯುವುದೆಷ್ಟು ಎಂದು ಜೊತೆಯವರೇ ಲೆಕ್ಕ ಹಾಕಿ ಇಟ್ಟ ಹೆಸರು. ‘ನಮಗೆಲ್ಲ ಶನಿ ಏಳೂವರೆ ವರ್ಷ ಹಿಡಿದು ಬಿಡ್ತಾನೆ, ನಿನಗೆ ಪರ್ಮನೆಂಟು ಬಿಡಯ್ಯಾ’ ಎಂದು ಹೊಸಬರೂ ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ. ನಗದೆ ಇದ್ದರೆ ಹೋದ ಬೆರಳು ಬರುತ್ತಿತ್ತೇ?

ಬೆರಳು ಹೋದದ್ದು ಒಂದು ಹತ್ತಂತಸ್ತಿನ ಆಫೀಸು ಕಟ್ಟಡದ ನೆತ್ತಿಯ ಮೇಲೆ. ಮೇನ್ ಸ್ವಿಚ್ಚು ಆರಿಸಿ ಅವನು ಲಿಫ್ಟು ಎಳೆಯುವ ಹಗ್ಗದ ಗಾಲಿಗೆ ಎಡಗೈ ಹಾಕಿದ್ದ. ಕೆಳಗೆ ಯಾವನೋ ದೊಡ್ಡ ಮನುಷ್ಯನಿಗೆ ಮೆಟ್ಟಿಲು ಹತ್ತುವುದಕ್ಕೆ ಬೇಜಾರಾಯಿತು, ಕಾವಲಿನವನನ್ನು ಗದರಿದ, ಕಾವಲಿನವನು ಮೇಲೆ ಬಂದು, ಆರಿರುವ ಸ್ವಿಚ್ಚು ನೋಡಿ, ಹಾಕಿದ. ಅಷ್ಟೇ. ಗಾಲಿ ಅರ್ಧ ಸುತ್ತು ತಿರುಗಿತು. ಆಮೇಲೆ ಲಿಫ್ಟ್ ಕಂಪನಿಗೆ ಜ್ಞಾನೋದಯವಾಗಿ ಕೆಂಪು ಪಟ್ಟಿಗಳನ್ನು ಅಚ್ಚು ಹಾಕಿಸಿತು. ‘ಮುಟ್ಟಬೇಡಿ. ಆಳು ಕೆಲಸದಲ್ಲಿದ್ದಾನೆ’ ಎಂದು ಬರೆದ, ಅಂಗೈಯಗಲದ ಪಟ್ಟಿ. ಸ್ವಿಚ್ಚು ಆರಿಸಿದವನು ಅದಕ್ಕೆ ತನ್ನ ಪಟ್ಟಿ ಕಟ್ಟಬೇಕು. ಕಟ್ಟಿದವನ ಹೊರತು ಇನ್ನೊಬ್ಬ ಬಿಚ್ಚಬಾರದು. ಕಟ್ಟಡದ ಯಜಮಾನ ಬಂದು ಎಗರಾಡಲಿ, ಮಂತ್ರಿಯೇ ಬಂದು ನಿಲ್ಲಲಿ, ಪಟ್ಟಿ ಕಟ್ಟಿದವನು ಊಟಕ್ಕೆ ಹೋಗಿದ್ದರೆ ಊಟ ಮುಗಿಸಿ ಬರುವ ತನಕ ಲಿಫ್ಟು ನಿಂತಿರಬೇಕು. ಯಾಕೆ ಕಟ್ಟಿದ್ದೀಯ ಎಂದು ಯಾರೂ ಕೇಳುವುದಿಲ್ಲ, ಕಟ್ಟಿದವನು ಹೇಳುವುದೂ ಇಲ್ಲ. ಆ ಕಸುಬಿನಲ್ಲಿ ಜಾತಿ ಬಿಟ್ಟವರಿದ್ದರು, ದೇವರು ಬಿಟ್ಟವರಿದ್ದರು, ಪಟ್ಟಿ ಮುರಿದವನು ಒಬ್ಬನೂ ಇರಲಿಲ್ಲ. ಏಳೂವರೆಗಂತೂ ಅದು ತನ್ನ ಮಾಂಸದಿಂದಲೇ ಕತ್ತರಿಸಿ ಮಾಡಿದ ವಸ್ತು. ಮಾತಿಗಿಂತ ಹೆಚ್ಚು ಅದನ್ನು ನಂಬುತ್ತಿದ್ದ.

ಉಳಿದ ಕೈಯಲ್ಲಿ ಸ್ಪಾನರು ಹಿಡಿಯಬಹುದಿತ್ತು, ತಂತಿ ಸುಲಿಯಬಹುದಿತ್ತು. ಮೋಟರ್‌ಸೈಕಲ್ಲಿನ ಕ್ಲಚ್ಚು ಒತ್ತುವುದು ಆಗುತ್ತಿರಲಿಲ್ಲ. ಲಿಫ್ಟಿನವನಿಗೆ ಗಾಡಿಯಿಲ್ಲ ಎಂದರೆ ಮೀನುಗಾರನಿಗೆ ದೋಣಿಯಿಲ್ಲ ಎಂದ ಹಾಗೆ. ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬಾಗಿಲು ಬಡಿಯುತ್ತಿರುತ್ತಾರೆ. ಅವರ ಉಸಿರು ಕಟ್ಟುವುದರೊಳಗೆ ಇವನು ಅಲ್ಲಿರಬೇಕು. ಸಣ್ಣ ಸ್ಕೂಟರಿನಲ್ಲಿ ಏಣಿ, ಸರಪಳಿ, ಎತ್ತುವ ಜ್ಯಾಕಿನ ಪೆಟ್ಟಿಗೆ ಇಷ್ಟನ್ನೂ ಹೇರಿಕೊಂಡು ಫ್ಲೈಓವರ್ ಹತ್ತಲಾಗದು. ಆ ಕಂಪನಿ ಕ್ಲಚ್ಚಿನ ಹಿಡಿಯೇ ಇಲ್ಲದ, ಬಲಗೈಯ ಹೆಬ್ಬೆರಳ ಗುಂಡಿಯಲ್ಲೇ ಗೇರು ಬೀಳುವ ಗಟ್ಟಿ ಗಾಡಿಯೊಂದನ್ನು ಮಾಡುತ್ತಿತ್ತು. ಇಲ್ಲಿಯ ಷೋರೂಮಿಗೆ ತರಿಸುತ್ತಿರಲಿಲ್ಲ. ಕೇಳಿದ್ದಕ್ಕೆ, ಇಂಥದ್ದಕ್ಕೆ ಈ ಕಡೆ ಗಿರಾಕಿಗಳಿಲ್ಲ ಎಂದಿದ್ದರು. ಎದುರಿಗೆ ನಿಂತಿದ್ದವನು ಗಿರಾಕಿಯಲ್ಲದೆ ಗೋಡೆಯ ಚಿತ್ರವೇ? ಅವನು ಸೀದಾ ಬಂದರಿನ ಶೆಡ್ಡಿಗೆ ಹೋದ. ಅಲ್ಲಿಯ ಕಂಟೇನರ್ ಅಣ್ಣ, ಬಾಯಿ ತೆರೆದರೆ ಜೇನು, ಕೈ ತೆರೆದರೆ ಬರಿಗಾಳಿ ಎಂದು ಹೆಸರಾದವನು, ಗಾಡಿಯನ್ನು ಮೂಲೆಯಿಂದ ತಳ್ಳಿಕೊಂಡು ಬಂದು, ‘ನಿನ್ನ ಕೈಗೇ ಅಳತೆ ತಗೊಂಡು ಮಾಡಿದ ಹಾಗಿದೆ ನೋಡಪ್ಪ’ ಎಂದ. ಆ ಒಂದು ಮಾತು ಮಾತ್ರ ನಿಜವಾಗಿತ್ತು.

ಗಾಡಿ ಮನೆಗೆ ಬಂದ ದಿನ ಬಾಮೈದ ಅದರ ಸುತ್ತ ಮೂರು ಸುತ್ತು ಹಾಕಿದ. ಹೆಂಡತಿಯ ತಮ್ಮ, ತಮ್ಮ ಎನ್ನುವುದು ಲೆಕ್ಕಕ್ಕೆ. ತಾಯಿ ಸತ್ತಾಗ ಅವನಿಗೆ ಹಾಲುಹಲ್ಲು ಉದುರಿರಲಿಲ್ಲ. ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು, ಮದುವೆಯಾದಾಗ ಸಾಮಾನಿನ ಜೊತೆ ಅವನನ್ನೂ ಕರೆತಂದಿದ್ದಳು. ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಫ್ರೇಮಿಗೆ ಕೂರಿಸುವ ಕೆಲಸ. ಟ್ಯಾಂಕಿನ ಮೇಲೆ ಪರದೇಶದ ಲಿಪಿಯಲ್ಲಿ ಉದ್ದಕ್ಕೆ ಏನೋ ಅಂಟಿಸಿತ್ತು. ಅವನು ಕಣ್ಣು ಕಿರಿದು ಮಾಡಿ, ಅಂಗಡಿಗೆ ಬಂದವರಿಗೆ ಅಕ್ಷರ ಓದಿಸುವ ಧಾಟಿಯಲ್ಲಿ ಓದಿದ:

‘ಭಾವ, ಇಲ್ಲಿ ಬರೆದಿದ್ದಾರೆ. ಈ ಗಾಡಿ ಬಾಮೈದನಿಗೆ ವಾರಕ್ಕೊಂದು ಸಲ ಕೊಡತಕ್ಕದ್ದು.’

‘ಅದರ ಕೆಳಗಿಂದು ಓದು. ಪೆಟ್ರೋಲು ಬಾಮೈದನೇ ಹಾಕಿಸತಕ್ಕದ್ದು.’

‘ಅಲ್ಲಿ ಅಕ್ಷರ ಅಳಿಸಿಹೋಗಿದೆ ಭಾವ.’

ಕಿಟಕಿಯ ಪಕ್ಕ ಹೊಲಿಗೆಯಂತ್ರದ ಮುಂದೆ ಕೂತಿದ್ದ ಹೆಂಡತಿ ನಕ್ಕಳು. ಅವಳು ಅಂಗಡಿಗಳಿಗೆ ಪರದೆ ಹೊಲಿದುಕೊಡುತ್ತಿದ್ದಳು. ಮನೆ ತುಂಬ ಯಾವಾಗಲೂ ಬೇರೆಯವರ ಕಿಟಕಿಗಳ ಬಣ್ಣ. ಆ ದಿನಗಳಲ್ಲಿ ಮೂವರೂ ನಗುವುದಕ್ಕೆ ದೊಡ್ಡ ಕಾರಣ ಬೇಕಿರಲಿಲ್ಲ. ವಾರದ ರಜೆಯ ದಿನ ಬಾಮೈದ ಗಾಡಿ ಒರೆಸಿ, ಒಂದು ಸುತ್ತು ಹೊಡೆದು ತರುತ್ತಿದ್ದ. ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ಇರುತ್ತಿತ್ತು. ಮನೆಯಲ್ಲಿ ಯಾರೂ ಯಾರಿಂದಲೂ ಬೀಗದ ಕೈ ಮುಚ್ಚಿಟ್ಟವರಲ್ಲ.

ಎರಡು ವರ್ಷ ಗಾಡಿ ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ಮೂರನೆಯ ವರ್ಷ, ಹಲ್ಲಿನ ಡಾಕ್ಟರರ ಕಟ್ಟಡವೊಂದರಲ್ಲಿ ಲಿಫ್ಟಿನ ಬಾಗಿಲು ಸರಿಪಡಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ, ಕಾಯುವವರ ಬೆಂಚಿನ ಮೇಲೆ ಬಿದ್ದಿದ್ದ ಪತ್ರಿಕೆಯಲ್ಲಿ ಏಳೂವರೆಗೆ ತನ್ನ ಗಾಡಿಯ ಚಿತ್ರ ಕಂಡಿತು. ತನ್ನದೇ ಮುಖ ಕಂಡಷ್ಟು ಬೆಚ್ಚಿದ. ಕಂಪನಿಯ ಪ್ರಕಟಣೆ. ಈ ಮಾಡೆಲ್ಲಿನ ಮುಂದಿನ ಬ್ರೇಕಿನ ಹಿಡಿಯೊಳಗೆ, ಎಣ್ಣೆ ಒತ್ತುವ ಪಿಸ್ಟನ್ನು, ಕಾಲ ಕಳೆದಂತೆ ಬಿರುಕು ಬಿಡುವ ಸಂಭವವಿದೆ; ಬಿರುಕು ಬಿಟ್ಟರೆ ಬ್ರೇಕು ಹಿಡಿಯದು; ಮಾಲೀಕರು ದಯವಿಟ್ಟು ಹತ್ತಿರದ ಸರ್ವಿಸ್ ಸೆಂಟರಿಗೆ ಬಂದರೆ ಉಚಿತವಾಗಿ ಬದಲಾಯಿಸಿ ಕೊಡುತ್ತೇವೆ; ನಿಮ್ಮ ಸುರಕ್ಷತೆಯೇ ನಮ್ಮ ಧರ್ಮ.

ಅವನು ಆ ಸಂಜೆಯೇ ಹೋದ. ಸರ್ವಿಸ್ ಸೆಂಟರಿನಲ್ಲಿ ಇಲ್ಲಿಯ ಷೋರೂಮು ಮಾರಿದ ಅಂಥವೇ ಗಾಡಿಗಳು ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಎಡಗಡೆ ಕ್ಲಚ್ಚಿನ ಹಿಡಿ ಇತ್ತು. ಟೈ ಕಟ್ಟಿದವನೊಬ್ಬ ಬಗ್ಗಿ ಅವನ ಗಾಡಿಯ ಕತ್ತಿನ ಮೇಲೆ ಕೊರೆದ ನಂಬರನ್ನು ಓದಿ, ಕಂಪ್ಯೂಟರಿನಲ್ಲಿ ಒತ್ತಿ, ತಲೆಯಾಡಿಸಿದ.

‘ಇದು ಬರ್ತಾ ಇಲ್ಲ ಸಾರ್.’

‘ಬರ್ತಾ ಇಲ್ಲ ಅಂದ್ರೆ?’

‘ನಮ್ಮ ಸಿಸ್ಟಮ್ಮಿನಲ್ಲಿ ಈ ಗಾಡಿ ಇಲ್ಲ.’

‘ಎದುರಿಗೇ ಇದೆಯಲ್ಲಪ್ಪ.’

‘ಎದುರಿಗಿದೆ ಸಾರ್, ಒಳಗಿಲ್ಲ. ನಾವು ಮಾರಿದ್ದಲ್ಲ. ಅದಕ್ಕೂ ನಮಗೂ ಸಂಬಂಧ ಇಲ್ಲ.’

ಏಳೂವರೆ ಕೂಗಾಡುವ ಜಾತಿಯವನಲ್ಲ. ಟ್ಯಾಂಕಿನ ಮೇಲಿನ ಹೆಸರೂ ಗೋಡೆಯ ಮೇಲಿನ ಹೆಸರೂ ಒಂದೇ ಅಲ್ಲವೇ ಎಂದು ಕೇಳಿದ. ಒಂದೇ ಎಂದರು. ಒಳಗಿನ ಪಿಸ್ಟನ್ನೂ ಒಂದೇ ಅಲ್ಲವೇ ಎಂದ. ಇರಬಹುದು ಎಂದರು. ಹಾಗಿದ್ದರೆ ಹಾಕುವ ಕೆಲಸ ತನಗೆ ಬರುತ್ತದೆ, ದುಡ್ಡು ತಗೊಂಡು ಆ ಒಂದು ತುಂಡು ಕೊಡಿ ಎಂದು ಬೇಡಿದ. ಅದೂ ಆಗದಂತೆ. ಆ ತುಂಡು ಮಾರುವುದಕ್ಕಿಲ್ಲ, ನಂಬರು ಒತ್ತಿದರೆ ಮಾತ್ರ ಸ್ಟೋರಿನಿಂದ ಹೊರಗೆ ಬರುತ್ತದೆ. ನಂಬರೋ, ಒತ್ತಿದರೆ ಬರುವುದಿಲ್ಲ. ಗಾಜಿನ ಹಿಂದೆ ರ‍್ಯಾಕಿನಲ್ಲಿ ಅವು ಕಾಣುತ್ತಿದ್ದವು, ಸೀಮೆಸುಣ್ಣದ ತುಂಡಿನಷ್ಟು ಉದ್ದದವು, ಒಂದೊಂದೂ ಪುಟ್ಟ ಪ್ಲಾಸ್ಟಿಕ್ ಚೀಲದೊಳಗೆ, ಒಂದು ರಾಶಿ. ಬಾಯಾರಿದವನನ್ನು ಬಾವಿಯ ಕಟ್ಟೆಯ ಮೇಲೆ ಕೂರಿಸಿ ಹಗ್ಗ ಕತ್ತರಿಸಿದ ಹಾಗಿತ್ತು. ಟೈ ಕಟ್ಟಿದವನು ಅವನ ಹೆಸರು, ಫೋನು ನಂಬರು ಬರೆದುಕೊಂಡ. ಬಂದವರದ್ದೆಲ್ಲ ಬರೆದುಕೊಳ್ಳುವುದು ಪದ್ಧತಿಯಂತೆ. ತಂಪು ನೀರು ಕೊಟ್ಟು ಕಳಿಸಿದರು.

ಆಮೇಲಿನ ಅಲೆದಾಟವನ್ನು ಎಷ್ಟೆಂದು ಹೇಳುವುದು. ಸಾರಿಗೆ ಕಚೇರಿಗೆ ಹೋದ. ತೆರಿಗೆ ಕಟ್ಟಿಸಿಕೊಳ್ಳುವಾಗ ಇದೂ ಷೋರೂಮಿನ ಗಾಡಿಯೂ ಒಂದೇ ಎಂದು ಅದೇ ದರ ಹಾಕಿದ್ದವರು, ಈಗ ಒಂದೇ ಎಂದು ಬರೆದುಕೊಡಿ ಎಂದರೆ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಕಂಟೇನರ್ ಅಣ್ಣನ ಬಳಿ ಹೋದ. ತಂದು ಮಾರುವುದಷ್ಟೇ ತನ್ನ ಕೆಲಸ, ಹೆರಿಗೆ ಮಾಡಿಸಿದವಳನ್ನು ಮಗು ಕೆಮ್ಮುತ್ತಿದೆ ಎಂದು ಕರೆಯುತ್ತಾರೆಯೇ ಎಂದು ಅಣ್ಣ ಗಾದೆಯ ಹಾಗೆ ಹೇಳಿದ. ಕಂಪನಿಯ ಹುಟ್ಟೂರಿಗೇ ಬರೆಸಿದ. ಬಹಳ ವಿನಯದ ಉತ್ತರ ಬಂತು: ನಮ್ಮ ದೇಶದಲ್ಲಿ ಮಾರಿದ ಗಾಡಿಗೆ ನಮ್ಮ ದೇಶದಲ್ಲಿ ಸೇವೆ ದೊರೆಯುತ್ತದೆ, ಗಾಡಿಯನ್ನು ಇಲ್ಲಿಗೆ ತನ್ನಿ. ಗುಜರಿ ಬಜಾರನ್ನೆಲ್ಲ ಜಾಲಾಡಿದ. ಸಿಕ್ಕ ಹಳೆಯ ಪಿಸ್ಟನ್ನುಗಳೂ ಅದೇ ದೋಷದವು; ಹಿಡಿಯನ್ನೇ ಬದಲಿಸೋಣವೆಂದರೆ, ಗೇರಿನ ಗುಂಡಿಯೂ ಬ್ರೇಕಿನ ಹಿಡಿಯೂ ಸೇರಿ ಒಂದೇ ಎರಕವಾಗಿದ್ದರಿಂದ ಇನ್ನೊಂದು ಗಾಡಿಯದ್ದು ಅದಕ್ಕೆ ಕೂರಲಿಲ್ಲ. ಲೇಥಿನಲ್ಲಿ ಕಡೆಸಿ ಹಾಕು ಎಂದವರಿದ್ದರು. ಜನರ ಭಾರವನ್ನು ಹಗ್ಗದ ಮೇಲೆ ತೂಗುಹಾಕುವ ಕಸುಬಿನವನಿಗೆ ಅದು ಒಗ್ಗದ ಮಾತು; ಬ್ರೇಕಿನೊಳಕ್ಕೆ ಅಂದಾಜಿನ ಸಾಮಾನು ಹಾಕುವುದೂ ಒಂದೇ, ಅನ್ನಕ್ಕೆ ಯಾವುದೆಂದು ತಿಳಿಯದ ಪುಡಿ ಹಾಕುವುದೂ ಒಂದೇ.

ಲೋಕದ ರೀತಿಯೇ ಇದು. ಸಾಮಾನಿಗೆ ಗಡಿಯಿಲ್ಲ, ಲಾಭಕ್ಕೆ ಗಡಿಯಿಲ್ಲ. ಹೊಣೆ ಮಾತ್ರ ತನ್ನೂರಿನ ಹೊಸ್ತಿಲು ದಾಟಿದರೆ ಮೈಲಿಗೆಯಾಗುತ್ತದೆ.

ಒಂದು ಬೆಳಿಗ್ಗೆ ಹಿಡಿ ಒತ್ತಿದಾಗ ಬೆರಳಿಗೆ ಏನೋ ಮೆತ್ತಗೆ ತಾಗಿತು. ಗಾಡಿ ನಿಂತಿತು, ಆದರೆ ನಿಲ್ಲುವುದಕ್ಕೆ ಮುಂಚೆ ಒಂದು ಕ್ಷಣ ಯೋಚಿಸಿದಂತೆ ನಿಂತಿತು. ಅವನು ಕೆಳಗಿಳಿದು, ಇನ್ನೆರಡು ಸಲ ಒತ್ತಿ ನೋಡಿ, ಮನೆಗೆ ತಳ್ಳಿಕೊಂಡೇ ಬಂದ. ಮನೆಯ ಪಕ್ಕದ ಸಂದಿಯಲ್ಲಿ ನಿಲ್ಲಿಸಿದ. ಚೀಲದಿಂದ ತನ್ನ ಕೆಂಪು ಪಟ್ಟಿ ತೆಗೆದು ಬ್ರೇಕಿನ ಹಿಡಿಗೆ ಬಿಗಿಯಾಗಿ ಕಟ್ಟಿದ. ಯಾಕೆ ತಳ್ಳಿಕೊಂಡು ಬಂದಿರಿ ಎಂದು ಹೆಂಡತಿ ಕೇಳಿದಾಗ, ಸ್ವಲ್ಪ ರಿಪೇರಿ ಇದೆ ಎಂದ. ಹೆಚ್ಚು ಹೇಳಿದರೆ ಅವಳು ಇಷ್ಟು ದಿನ ಇದರ ಮೇಲೇ ಓಡಾಡಿದಿರಾ ಎಂದು ಅಳುತ್ತಾಳೆ. ಹೇಳುವುದಾದರೂ ಏನಿತ್ತು? ಪಟ್ಟಿ ಕಟ್ಟಿಯಾಗಿತ್ತು. ಅವನ ಲೆಕ್ಕದಲ್ಲಿ ಊರೆಲ್ಲ ಕೇಳುವಂತೆ ಸಾರಿ ಹೇಳಿದಷ್ಟೇ ಆಗಿತ್ತು. ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಕೈ ತೊಳೆದುಕೊಂಡ.

ಅಂದಿನಿಂದ ಬಸ್ಸು. ಏಣಿ ಹತ್ತಿಸಲು ಕಂಡಕ್ಟರು ಬಿಡುತ್ತಿರಲಿಲ್ಲ. ಏಣಿಯನ್ನು ಹೋದ ಕಟ್ಟಡದಲ್ಲೇ ಬೇಡಬೇಕು. ಸರಪಳಿಯ ಚೀಲ ಕಾಲ ಮೇಲಿಟ್ಟು ಕೂತರೆ ಪಕ್ಕದವರು ಸರಿದು ಕೂರುತ್ತಿದ್ದರು. ತಡವಾಗತೊಡಗಿತು. ಸೂಪರ್‌ವೈಸರ್ ಮೊದಲು ನಗುತ್ತ ಹೇಳಿದ, ಆಮೇಲೆ ನಗದೆ ಹೇಳಿದ. ಕೊನೆಗೆ, ‘ನಿನಗೆ ಗೋದಾಮೇ ಸರಿ ಕಣಯ್ಯಾ, ಅಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳಲ್ಲ’ ಎಂದ. ಗೋದಾಮು ಎಂದರೆ ನಿವೃತ್ತಿಗೆ ಮುಂಚಿನ ಮಸಣ. ಹಗ್ಗದ ಸುರುಳಿಗಳ ನಡುವೆ ಕೂತು ಇಲಿಗಳಿಗೆ ನೀತಿ ಬೋಧಿಸಬೇಕು, ಅರ್ಧ ಸಂಬಳ. ಏಳೂವರೆ ಕೆಲಸ ಮುಗಿಸಿ ಮನೆಗೆ ಬಂದು ಮಾತಾಡದೆ ಉಂಡು ಎದ್ದುಹೋಗುವುದನ್ನು ಅಕ್ಕ ತಮ್ಮ ಇಬ್ಬರೂ ನೋಡುತ್ತಿದ್ದರು. ಭಾವನ ಮುಖಕ್ಕೆ ಯಾವ ನಂಬರಿನ ಗಾಜು ಹಾಕಿದರೂ ನಗು ಕಾಣ್ತಿಲ್ಲವಲ್ಲ ಎಂದು ಬಾಮೈದ ಒಂದು ಸಲ ಹೇಳಿ ನೋಡಿದ. ನಗು ಬರಲಿಲ್ಲ.

ಬಾಮೈದನ ರಜೆಯ ದಿನ, ಮಧ್ಯಾಹ್ನ, ಏಳೂವರೆ ಬಸ್ ಸ್ಟಾಪಿನಿಂದ ಮನೆಗೆ ಫೋನು ಮಾಡಿದ. ಊರಿನ ಆ ತುದಿಯ ನರ್ಸಿಂಗ್ ಹೋಮಿನಲ್ಲಿ ಲಿಫ್ಟು ನಿಂತಿದೆ, ಒಳಗೆ ರೋಗಿ ಇದ್ದಾರೆ, ಬಸ್ಸಿನ ಸುಳಿವಿಲ್ಲ. ಇವತ್ತು ತಡವಾದರೆ ನಾಳೆಯಿಂದ ಗೋದಾಮಂತೆ, ಊಟಕ್ಕೆ ಕಾಯಬೇಡ ಎಂದು ಹೆಂಡತಿಗೆ ಹೇಳಿದ. ಹೇಳಿಕೊಂಡರೆ ಎದೆ ಹಗುರವಾದೀತೆಂದು ಹೇಳಿದ ಮಾತು, ಅಷ್ಟೇ. ಅವಳು ಫೋನಿಟ್ಟು ತಮ್ಮನಿಗೆ ಹೇಳಿದಳು. ಅವನು ಆಗಲೇ ಅಂಗಿ ಹಾಕಿಕೊಳ್ಳುತ್ತಿದ್ದ. ಗಾಡಿ ಸಂದಿಯಲ್ಲಿ ಧೂಳು ತಿನ್ನುತ್ತ ನಿಂತಿದೆ, ಸ್ವಲ್ಪ ರಿಪೇರಿ ತಾನೇ, ಮೆಲ್ಲಗೆ ಸ್ಟಾಪಿಗೆ ಹೋಗಿ ಭಾವನ ಕೈಗೆ ಕೊಟ್ಟು ಬಸ್ಸಿನಲ್ಲಿ ಬಂದುಬಿಡುತ್ತೇನೆ ಎಂದ.

ಅವಳು ಸಂದಿಯ ತನಕ ಬಂದಳು. ಅವನು ಬ್ರೇಕಿನ ಹಿಡಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಅಂಗಡಿಯ ಧಾಟಿಯಲ್ಲೇ, ದೂರಕ್ಕೆ ಹಿಡಿದು ಹತ್ತಿರಕ್ಕೆ ತಂದು ಓದಿದ. ಸುತ್ತ ನೋಡಿದ.

‘ಆಳು ಕೆಲಸದಲ್ಲಿದ್ದಾನೆ ಅಂತೆ. ಯಾವ ಆಳೂ ಕಾಣ್ತಿಲ್ಲವಲ್ಲ ಅಕ್ಕ?’

‘ಅವರ ಕೆಲಸದ ಸಾಮಾನಿರಬೇಕು. ಜೋಪಾನವಾಗಿ ತೆಗೆದಿಡು, ಕಳೆದ್ರೆ ಬಯ್ತಾರೆ. ಹೋಗಿ ಬೇಗ ಕೊಟ್ಟು ಬಾ.’

ಅವಳೇ ಗಂಟು ಬಿಚ್ಚಿದಳು. ಹೊಲಿಗೆಯವಳ ಬೆರಳಿಗೆ ಯಾವ ಗಂಟು ದೊಡ್ಡದು.

ಬಸ್ಸು ಬಂತು. ಫೋನಿಟ್ಟ ಮರುಗಳಿಗೆಯೇ ಬಂತು, ಖಾಲಿಯಾಗಿಯೇ ಬಂತು. ಏಳೂವರೆ ತಡವಾಗದೆ ನರ್ಸಿಂಗ್ ಹೋಮು ಮುಟ್ಟಿದ. ಫೋನನ್ನು ಚೀಲದಲ್ಲಿಟ್ಟು, ಇನ್ನೊಂದು ಪಟ್ಟಿಯನ್ನು ಸ್ವಿಚ್ಚಿಗೆ ಕಟ್ಟಿ, ಗೂಡಿನೊಳಕ್ಕೆ ಇಳಿದು, ಸ್ಟ್ರೆಚರಿನ ಮೇಲಿದ್ದ ಮುದುಕಿಯನ್ನೂ ಅವಳ ಕೈ ಹಿಡಿದು ಕೂತಿದ್ದ ನರ್ಸನ್ನೂ ಹೊರಕ್ಕೆ ತಂದ. ಮುದುಕಿ ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ ಎಂದಳು. ಸೂಪರ್‌ವೈಸರ್ ಫೋನಿನಲ್ಲಿ, ಮನಸ್ಸು ಮಾಡಿದರೆ ನಿನಗೂ ಆಗುತ್ತದೆ ನೋಡು ಎಂದ. ಅದಕ್ಕೂ ಮುಂಚೆ, ತಾನು ಗೂಡಿನೊಳಗಿದ್ದಾಗ ಬಂದಿದ್ದ ಹೆಂಡತಿಯ ಕರೆಗಳನ್ನು ಅವನು ಆಮೇಲೆ ನೋಡಿದ.

ಫ್ಲೈಓವರಿನ ಇಳಿಜಾರು ಮುಗಿಯುವಲ್ಲಿ ಸಿಗ್ನಲ್ಲು. ಸಿಗ್ನಲ್ಲಿನಲ್ಲಿ ಕಬ್ಬಿಣದ ಸರಳು ಹೇರಿದ ಲಾರಿ ನಿಂತಿತ್ತು. ನೋಡಿದವರು ಹೇಳಿದ್ದು ಇಷ್ಟು: ಹುಡುಗ ಜೋರಾಗಿ ಬರುತ್ತಿರಲಿಲ್ಲ. ಕೈ ಗಟ್ಟಿಯಾಗಿ ಹಿಡಿದೇ ಇತ್ತು. ಹಿಂದಿನ ಗಾಲಿ ಜಾರುತ್ತಿತ್ತು. ಆ ಇಳಿಜಾರಿನಲ್ಲಿ ಹಿಂದಿನ ಬ್ರೇಕೊಂದನ್ನೇ ತುಳಿಯುವುದೆಂದರೆ ಓಡುವ ಎತ್ತಿನ ಬಾಲ ಹಿಡಿದಂತೆ. ಕೊನೆಯಲ್ಲಿ ಅವನು ಹಿಡಿಯನ್ನು ಬಗ್ಗಿ ನೋಡಿದನಂತೆ, ಇದಕ್ಕೇನಾಯಿತು ಎನ್ನುವ ಹಾಗೆ.

ಮಣ್ಣು ಮಾಡಿ ಬಂದ ಮೇಲೆ ಹೆಂಡತಿ ಹೊಲಿಗೆಯಂತ್ರದ ಮುಂದೆ ಕೂತಳು. ಹೊಲಿಯಲಿಲ್ಲ. ಕಾಲು ಮಾತ್ರ ಪೆಡಲಿನ ಮೇಲೆ, ಸೂಜಿಗೆ ದಾರವಿಲ್ಲದೆ, ತುಳಿಯುತ್ತಿತ್ತು.

ಪೊಲೀಸರು ಗಾಡಿಯನ್ನು ಠಾಣೆಯ ಹಿಂದೆ ತಂದು ಹಾಕಿಸಿದರು. ಬ್ರೇಕು ಯಾಕೆ ಹಿಡಿಯಲಿಲ್ಲ ಎಂದು ತಜ್ಞರು ಹೇಳಬೇಕಿತ್ತು. ತಜ್ಞರು ಯಾರು? ಆ ಕಂಪನಿಯ ಗಾಡಿಯನ್ನು ಬಿಚ್ಚಿ ನೋಡಿ ಬರೆದುಕೊಡುವ ಅಧಿಕಾರವಿದ್ದದ್ದು ಆ ಕಂಪನಿಯ ಸರ್ವಿಸ್ ಸೆಂಟರಿಗೆ. ಸಂಬಂಧವಿಲ್ಲ ಎಂದಿದ್ದ ಗಾಡಿಯನ್ನು ಅವರು ಈಗ ಬಹಳ ಶ್ರದ್ಧೆಯಿಂದ ಬಿಚ್ಚಿದರು, ಫೋಟೋ ಹಿಡಿದರು. ಪಿಸ್ಟನ್ನು ಎರಡು ತುಂಡಾಗಿತ್ತು. ಈ ಗಾಡಿ ನಾವು ಮಾರಿದ್ದಲ್ಲ, ಇದರ ಬಿಡಿಭಾಗಗಳಿಗೆ ನಾವು ಹೊಣೆಯಲ್ಲ ಎಂದು ಬರೆದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇನ್ನೊಂದು ಸಾಲು ಸೇರಿಸಿದರು: ಮಾಲೀಕರು ಈ ಹಿಂದೆಯೇ ನಮ್ಮಲ್ಲಿಗೆ ಬಂದಿದ್ದರು, ದೋಷದ ಸಂಗತಿ ಅವರಿಗೆ ಚೆನ್ನಾಗಿ ತಿಳಿದಿತ್ತು.

ಹುಟ್ಟೇ ಇಲ್ಲದ ಗಾಡಿಗೆ ಈಗ ಜಾತಕ ಸಿಕ್ಕಿತ್ತು. ತುಂಡು ಕೇಳಿದಾಗ ಕಂಪ್ಯೂಟರಿನಲ್ಲಿ ಕಾಣದಿದ್ದವನು, ತಪ್ಪು ಹೊರಿಸುವಾಗ ಹೆಸರು ಸಹಿತ, ಫೋನು ನಂಬರು ಸಹಿತ ಕಂಡ. ಬಡವನ ಹೆಸರನ್ನು ಇಂಥ ಕಡೆ ಬರೆದಿಟ್ಟುಕೊಳ್ಳುವುದು ಇಂಥದ್ದಕ್ಕೇ.

ಠಾಣೆಗೆ ಬಾ ಎಂದು ಕರೆದಿದ್ದ ದಿನದ ಹಿಂದಿನ ಸಂಜೆ ಕಂಟೇನರ್ ಅಣ್ಣ ಮನೆಗೆ ಬಂದ. ಕುರ್ಚಿಯಲ್ಲಿ ಕೂರದೆ ಹೊಸ್ತಿಲ ಬಳಿ ನಿಂತೇ ಮಾತಾಡಿದ. ನಿಜವಾಗಿ ಮರುಗಿದ್ದನೋ ಏನೋ. ದೋಷ ಗೊತ್ತಿದ್ದೂ ಗಾಡಿಯನ್ನು ಇನ್ನೊಬ್ಬನ ಕೈಗೆ ಸಿಗುವ ಹಾಗೆ ಇಟ್ಟ ಎಂದು ಮಾಲೀಕನ ಮೇಲೆ ಕೇಸು ಹಾಕುತ್ತಾರೆ, ಜೈಲಾಗುತ್ತದೆ, ಲಿಫ್ಟ್ ಕಂಪನಿಯವರು ಮಾರನೆಯ ದಿನವೇ ಹೊರಗೆ ದಬ್ಬುತ್ತಾರೆ ಎಂದ. ಅವನ ಲೆಕ್ಕದಲ್ಲಿ ಇದಕ್ಕೆ ದಾರಿಯಿತ್ತು.

‘ಗಾಡೀನ ಮುಂಚೇನೇ ಬಾಮೈದನಿಗೆ ಮಾರಿದ್ದೆ ಅಂತ ಹೇಳು. ಹಳೇ ತಾರೀಕಿನ ಕಾಗದ ನಾನು ಮಾಡಿಕೊಡ್ತೀನಿ. ಮಾಲೀಕನೂ ಅವನೇ, ಓಡಿಸಿದವನೂ ಅವನೇ ಅಂತಾಗುತ್ತೆ. ಸತ್ತವನನ್ನ ಯಾರು ಹಿಡ್ಕೊಂಡು ಹೋಗ್ತಾರೆ? ಬದುಕಿರೋಳ ಗತಿ ಯೋಚನೆ ಮಾಡು.’

ಬದುಕಿರುವವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎಲ್ಲ ಕೇಳಿಸಿತ್ತು. ಅವಳೊಂದು ಮಾತು ಹೇಳಲಿ ಎಂದು ಏಳೂವರೆ ಕಾದ. ಹೇಳು ಎಂದರೂ ಸರಿ, ಬೇಡ ಎಂದರೂ ಸರಿ. ಅವಳು ಎಳೆದ ಗೆರೆಯ ಮೇಲೆ ನಡೆದರೆ ಅರ್ಧ ಭಾರ ಇಳಿಯುತ್ತಿತ್ತು. ಅವಳು ಇಳಿಸಿಕೊಡಲಿಲ್ಲ. ಬೆಳಿಗ್ಗೆ ತಾನೂ ಬರುತ್ತೇನೆಂದು ಸೀರೆಯ ಮಡಿಕೆ ಸರಿಮಾಡಿಕೊಂಡು ನಿಂತಳು.

ಠಾಣೆಯಲ್ಲಿ ಬರವಣಿಗೆಯವನು ಬೆಂಚು ತೋರಿಸಿದ. ಅವಳು ಕೂತಳು, ಇವನು ಮೇಜಿನ ಮುಂದೆ ನಿಂತ. ತೆರೆದ ಕಿಟಕಿಯಿಂದ ಹಿಂದಿನ ಅಂಗಳ ಕಾಣುತ್ತಿತ್ತು. ಅಲ್ಲಿ ಜಜ್ಜಿಹೋದ ಗಾಡಿಗಳ ನಡುವೆ ಅದು ಒರಗಿತ್ತು, ಕತ್ತು ಮುರಿದು, ಟ್ಯಾಂಕು ಒಳಕ್ಕೆ ಹೋಗಿ, ಯಾರೂ ಓದಲಾಗದ ಆ ಅಕ್ಷರಗಳು ಮಾತ್ರ ಹಾಗೆಯೇ. ಕಂಟೇನರ್ ಅಣ್ಣ ರಾತ್ರಿಯೇ ಮಾಡಿಸಿ ಕಳಿಸಿದ ಕಾಗದ ಏಳೂವರೆಯ ಜೇಬಿನಲ್ಲಿತ್ತು. ಸುಳ್ಳಿಗೆ ಅವನು ಹೆದರಿದವನಲ್ಲ. ಬಡವರ ಮನೆಯಲ್ಲಿ ಸುಳ್ಳೂ ಒಂದು ಪಾತ್ರೆ, ಅಗತ್ಯಕ್ಕೆ ಬಳಸುತ್ತಾರೆ. ಜೈಲಿಗೆ ಹೆದರಿದ್ದ. ಇಡೀ ದಾರಿ ಬಾಯಲ್ಲಿ ಆ ಮಾತನ್ನೇ ಉರುಹೊಡೆದುಕೊಂಡು ಬಂದಿದ್ದ: ಮಾರಿಬಿಟ್ಟಿದ್ದೆ ಸಾರ್, ಅವನದೇ ಗಾಡಿ.

‘ಗಾಡಿ ಯಾರದ್ದು?’ ಎಂದ ಬರವಣಿಗೆಯವನು, ತಲೆಯೆತ್ತದೆ.

ಎಷ್ಟು ಜನ ಈ ಪ್ರಶ್ನೆಗೆ ಉತ್ತರ ಹೇಳಿದ್ದರು. ಮಾಡಿದವರು ನಮ್ಮದಲ್ಲ ಎಂದಿದ್ದರು. ತಂದವನು ನನ್ನದಲ್ಲ ಎಂದಿದ್ದ. ತೆರಿಗೆ ತಿಂದವರು ತಮ್ಮದಲ್ಲ ಎಂದಿದ್ದರು. ಇವನೂ ಅಲ್ಲ ಎಂದರೆ ಉಳಿಯುವವನು ಒಬ್ಬನೇ: ಅಂಗಿ ಹಾಕಿಕೊಳ್ಳುತ್ತ ಎದ್ದು ಹೊರಟವನು, ಯಾವುದೂ ತನ್ನದಲ್ಲದವನು. ಅವನ ತಲೆಗೇ ಎಲ್ಲರ ಪಾಪ ಕಟ್ಟಿ ಕಳಿಸಿದಂತಾಗುತ್ತದೆ. ಏಳೂವರೆ ಜೇಬಿನ ಕಾಗದವನ್ನು ಬೆರಳಿನಿಂದ ಇನ್ನೂ ಒಳಕ್ಕೆ ತಳ್ಳಿದ.

‘ನನ್ನದು’ ಎಂದ.

‘ಬ್ರೇಕು ಕೆಟ್ಟಿದೆ ಅಂತ ಗೊತ್ತಿತ್ತಾ?’

‘ಗೊತ್ತಿತ್ತು.’

‘ಮನೇಲಿ ಹೇಳಿದ್ರಾ?’

ಅವನು ಪಟ್ಟಿಯ ವಿಷಯ ಹೇಳತೊಡಗಿದ. ಸ್ವಿಚ್ಚು, ಕಟ್ಟುವ ಪದ್ಧತಿ, ಕಟ್ಟಿದವನ ಹೊರತು ಇನ್ನೊಬ್ಬ ಬಿಚ್ಚಬಾರದೆನ್ನುವುದು. ನಾಲ್ಕು ಮಾತಾಗುವಷ್ಟರಲ್ಲಿ ತನ್ನ ದನಿ ತನಗೇ ಬೇರೆ ಯಾರದ್ದೋ ಭಾಷೆಯಂತೆ ಕೇಳಿ, ನಿಲ್ಲಿಸಿದ. ಬರವಣಿಗೆಯವನು ಪೆನ್ನು ಹಿಡಿದು ಕಾಯುತ್ತಿದ್ದ. ಇದರಲ್ಲಿ ಯಾವುದನ್ನು ಬರೆಯಬೇಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ‘ಹೇಳಿಲ್ಲ’ ಎಂದು ಬರೆದುಕೊಂಡ. ಸಹಿ ಮಾಡಿಸಿ, ಕರೆದಾಗ ಬರಬೇಕು, ಊರು ಬಿಡಬಾರದು ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಬದಿಗೆ ಕೂತಳು, ಅವನು ಪಕ್ಕದಲ್ಲಿ. ಅಂಗಡಿಗಳು ಹಿಂದಕ್ಕೆ ಹೋಗುತ್ತಿದ್ದವು. ಹೊರಗೆ ನೋಡುತ್ತಲೇ ಅವಳು ಕೇಳಿದಳು.

‘ಒಂದು ಮಾತು ಹೇಳಬಾರದಿತ್ತಾ ರೀ?’

ಅವನು ಅವಳ ಕಡೆ ತಿರುಗಿದ. ಅವಳು ತಿರುಗಲಿಲ್ಲ.

‘ಗಂಟು ಬಿಚ್ಚಿದ್ದು ನಾನು. ಜೋಪಾನವಾಗಿ ಇಡು ಅಂತ ಬೇರೆ ಹೇಳಿದೆ. ಆ ಪಟ್ಟೀನ.’

ಕನ್ನಡಕದ ಅಂಗಡಿಯ ಸ್ಟಾಪು ಬಂದಾಗ ಅವಳು ಎದ್ದಳು. ತಮ್ಮನ ಅಂಗಿಯೊಂದು, ಊಟದ ಡಬ್ಬಿ, ಇನ್ನೇನೋ ಇದೆಯಂತೆ, ಬಂದು ತಗೊಂಡು ಹೋಗಿ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಅವನೂ ಎದ್ದ. ಅವಳು ಅವನ ಎದೆಯ ಮೇಲೆ ಅಂಗೈ ಊರಿದಳು. ತಳ್ಳಲಿಲ್ಲ, ಸುಮ್ಮನೆ ಊರಿದಳು.

‘ನೀವು ಬರಬೇಡಿ.’

ಅವನು ಕೂತ. ಅವಳು ಇಳಿದಳು. ಅಂಗಡಿ ರಸ್ತೆಯ ಆಚೆ ಬದಿಗಿತ್ತು. ಬಸ್ಸು ಹೊರಟಿತು, ಅವನು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದ. ಅವಳು ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಒಂದರ ಹಿಂದೊಂದು ಮೋಟರ್‌ಸೈಕಲ್ಲುಗಳು ಹೋಗುತ್ತಿದ್ದವು, ಕೆಂಪಿನವು, ಕಪ್ಪಿನವು, ಹೊಸವು, ಹಳೆಯವು. ಪ್ರತಿಯೊಂದು ಬಂದಾಗಲೂ ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದಳು, ಮತ್ತೆ ಮುಂದಿಡುತ್ತಿದ್ದಳು, ಮತ್ತೆ ಸರಿಯುತ್ತಿದ್ದಳು. ಬಸ್ಸು ತಿರುವಿಗೆ ಬರುವ ತನಕವೂ ಅವಳು ಈಚೆಯ ಬದಿಯಲ್ಲೇ ಇದ್ದಳು.